ಖಳನ ಬಾಯಿಂದಲೇ ಕೇಳೋಣ

ಇವತ್ತಿನ ಮಾತು ಬ್ಯಾಟ್‌ಮನ್ ಬಗ್ಗೆ ಅಲ್ಲ, ಅವನ ಕೈಲಿ ಸೋಲೋ ಒಬ್ಬ ಖಳನ ಬಗ್ಗೆ. ಹೆಸರು ಮಿಸ್ಟರ್ ಫ್ರೀಜ್.

1959ರಾಗ ಇವ ಕಾಮಿಕ್ಸ್ ಒಳಗ ಮೊದಲ ಸಲ ಬಂದಾಗ ಹೆಸರು ಮಿಸ್ಟರ್ ಝೀರೋ. ಎದುರಿಗಿದ್ದವರನ್ನ ಹೆಪ್ಪುಗಟ್ಟಿಸೋ ಒಂದು ಬಂದೂಕು, ಮೈ ತಂಪಿಡೋ ಒಂದು ಸೂಟು, ವಜ್ರ ಕದಿಯೋ ಕಸುಬು. ಅಷ್ಟ. 1966ರ ಟಿವಿ ಸೀರಿಯಲ್‌ನಾಗ ಫ್ರೀಜ್ ಅನ್ನೋ ಹೆಸರು ಬಂತು, ಒಬ್ಬರಾದ ಮ್ಯಾಲ ಒಬ್ಬರು ಮೂರು ಮಂದಿ ನಟರು ಆ ಪಾತ್ರ ಮಾಡಿದ್ರು. ಆದ್ರ ಯಾಕ ಹಿಂಗ ಮಾಡ್ತಾನ, ಏನು ಕಳಕೊಂಡಾನ ಅಂತ ಅವನನ್ನ ಯಾರೂ ಕೇಳಲಿಲ್ಲ.

ಕೇಳಿದ್ದು 1992ರಾಗ. ‘ಬ್ಯಾಟ್‌ಮನ್: ದಿ ಅನಿಮೇಟೆಡ್ ಸೀರೀಸ್’ ಆಗಷ್ಟೇ ಶುರು ಆಗಿತ್ತು. ಅದರಾಗ ‘ಹಾರ್ಟ್ ಆಫ್ ಐಸ್’ ಅನ್ನೋ ಎಪಿಸೋಡ್. ಬರೆದವ್ರು ಪಾಲ್ ಡಿನಿ, ನಿರ್ದೇಶನ ಬ್ರೂಸ್ ಟಿಮ್. ಶುರುವಿನ ದೃಶ್ಯ ಸರಿಯಾಗಿ ನೋಡ್ರಿ. ಗಾಜಿನ ಗೋಲ, ಅದರೊಳಗ ಬಿಳಿ ಹಿಮ ಬೀಳ್ತದ, ನಡುವ ಒಂದು ಪುಟ್ಟ ನರ್ತಕಿ ಬೊಂಬಿ ತಿರುಗ್ತದ. ಅದರ ಎದುರು ಕುಂತು ಫ್ರೀಜ್ ಮಾತಾಡ್ತಾನ. ಮೈಕೆಲ್ ಅನ್ಸಾರಾ ಅವರ ದನಿ. ಏರಿಲ್ಲ, ಇಳಿವಿಲ್ಲ, ಅಳು ಅಂತೂ ಇಲ್ಲೇ ಇಲ್ಲ. ಅಳೋ ಶಕ್ತಿನೂ ಉಳಿದಿಲ್ಲ ಅಂತ ಆ ದನಿ ಕೇಳಿದ್ರ ಗೊತ್ತಾಗ್ತದ.

ಇವ ವಿಕ್ಟರ್ ಫ್ರೈಸ್ ಅನ್ನೋ ವಿಜ್ಞಾನಿ. ಹೆಂಡತಿ ನೋರಾಗ ವಾಸಿ ಆಗದ ಕಾಯಿಲೆ. ಔಷಧ ಸಿಗೋತನಕ ಆಕಿ ಜೀವ ಉಳೀಲಿ ಅಂತ ಆಕಿಯನ್ನ ಹೆಪ್ಪುಗಟ್ಟಿಸಿ ಇಟ್ಟಿರ್ತಾನ. ಖರ್ಚು ಜಾಸ್ತಿ ಆಯ್ತು, ಯಂತ್ರ ಬಂದ್ ಮಾಡ್ರಿ ಅಂತಾನ ಕಂಪನಿ ಮಾಲಕ ಫೆರಿಸ್ ಬಾಯ್ಲ್. ಜಗಳದಾಗ ಅವ ಫ್ರೈಸ್‌ನನ್ನ ರಾಸಾಯನಿಕದ ಮ್ಯಾಲ ಒದ್ದು ಕೆಡವ್ತಾನ. ಅವತ್ತಿಂದ ಫ್ರೈಸ್‌ನ ಮೈಗೆ ಬಿಸಿ ಅಂದ್ರ ಸಾವು. ಮುಂದ ಅದೇ ಬಾಯ್ಲ್‌ಗ ಮಾನವೀಯತೆಗಾಗಿ ಪ್ರಶಸ್ತಿ ಕೊಡ್ತಾರ. ಫ್ರೀಜ್ ಸೇಡು ತೀರಿಸ್ಕೊಳ್ಳಾಕ ಬರೋದು ಆ ಸಮಾರಂಭಕ್ಕ.

ಸೂಟು ಹಳೇದು, ಬಂದೂಕು ಹಳೇದು. ಕಾರಣ ಒಂದೇ ಹೊಸದು. 1959ರಾಗ ಚಳಿ ಅನ್ನೋದು ಅವನ ಆಯುಧ ಇತ್ತು, ಇಲ್ಲಿ ಅದು ಅವನ ಸೂತಕ. ಈ ಬರವಣಿಗೆಗೆ ಎಮ್ಮಿ ಪ್ರಶಸ್ತಿ ಬಂತು. ಕಾಮಿಕ್ಸ್‌ನವರೇ ಮುಂದ ಕಾರ್ಟೂನಿನ ಈ ಕಥಿಯನ್ನ ತಮ್ಮದು ಮಾಡ್ಕೊಂಡ್ರು.

ಈಗ ನಮ್ಮ ಕಲಬುರಗಿ ಕಡಿ ಬರ್ರಿ. ಆಳಂದ, ಜೇವರ್ಗಿ, ಅಫಜಲಪುರ ಕಡಿ ದೊಡ್ಡಾಟ ನೋಡಿ ಬೆಳೆದವರಿಗೆ ಖಳನನ್ನೇ ಕೇಳೋ ಈ ಉಪಾಯ ಪರಿಚಯದ್ದೇ. ಪಾತ್ರ ರಂಗದ ಮ್ಯಾಲ ಬಂದ ಕೂಡಲೇ ಸಾರಥಿ ಕೇಳ್ತಾನ: ನೀವು ಯಾರು, ಯಾವ ಊರು, ಬಂದ ಕಾರಣ ಏನು? ರಾಮ ಬಂದ್ರೂ ಅದೇ ಪ್ರಶ್ನಿ, ರಾವಣ ಬಂದ್ರೂ ಅದೇ ಪ್ರಶ್ನಿ. ಖಳ ತನ್ನ ಹೆಸರು, ತನ್ನ ಪರಾಕ್ರಮ ತನ್ನ ಬಾಯಿಂದಲೇ ಹೇಳ್ಬೇಕು.

ಇದನ್ನ ಎಲ್ಲಾರಿಗಿಂತ ಎತ್ತರಕ್ಕ ಒಯ್ದವ ಹಳಗನ್ನಡದ ಕವಿ ರನ್ನ. ಮುಧೋಳದ ಬಳೆಗಾರ ಮನೆತನದವ. ಅವನಿಗೆ ಆಶ್ರಯ ಕೊಟ್ಟದ್ದು ಚಾಲುಕ್ಯ ತೈಲಪ, ಆಮ್ಯಾಲ ಅವನ ಮಗ ಸತ್ಯಾಶ್ರಯ. ತೈಲಪ ರಾಷ್ಟ್ರಕೂಟರ ಕೈಯಿಂದ ಗೆದ್ದು ರಾಜಧಾನಿ ಮಾಡ್ಕೊಂಡ ಮಾನ್ಯಖೇಟ ಅಂದ್ರ ನಮ್ಮ ಜಿಲ್ಲಾದ್ದೇ ಮಳಖೇಡ. ‘ಗದಾಯುದ್ಧ’ದಾಗ ರನ್ನ ಸತ್ಯಾಶ್ರಯನನ್ನ ಭೀಮನಿಗೆ ಹೋಲಿಸ್ತಾನ. ಅಂದ್ರ ಧಣಿಯೇ ನಾಯಕ. ದುರ್ಯೋಧನ ಧಣಿಯ ವೈರಿ. ಅಂಥಾ ಕಾವ್ಯದಾಗ ಆ ವೈರಿಯನ್ನ ಹೆಂಗ ತೋರಿಸ್ಯಾನ ನೋಡ್ರಿ.

ಯುದ್ಧ ಮುಗೀತಾ ಬಂದದ. ದುರ್ಯೋಧನ ಭೀಷ್ಮರನ್ನ ಕಾಣಾಕ ಸಂಜಯನ ಜೋಡಿ ಹೆಣದ ನಡುವ ನಡೀತಾನ. ದ್ರೋಣನ ಹೆಣ ಕಾಣ್ತದ. ಆಮ್ಯಾಲ ಅಭಿಮನ್ಯು, ವೈರಿಯ ಮಗ. ಬೇರೆ ಖಳ ಇದ್ದಿದ್ರ ಕಾಲಿಂದ ಒದ್ದು ಮುಂದ ಹೋಗ್ತಿದ್ದ. ಇವ ನಿಂತು ಕೈ ಮುಗೀತಾನ, ನಿನ್ನಂಥಾ ಸಾವು ನನಗೂ ಬರ್ಲಿ ಅಂತ ಬೇಡ್ಕೊಳ್ತಾನ. ನಾಕು ಹೆಜ್ಜಿ ಮುಂದ ಹೋದ್ರ ಸ್ವಂತ ಮಗ ಲಕ್ಷಣಕುಮಾರನ ಹೆಣ. ಮಗ ಅಪ್ಪನಿಗೆ ತರ್ಪಣ ಬಿಡ್ಬೇಕಾದ್ದು, ಕ್ರಮ ತಿರುಗುಮುರುಗು ಆಯ್ತಲ್ಲ ಅಂತ ಒದ್ದಾಡ್ತಾನ. ಆಮ್ಯಾಲ ದುಃಶಾಸನ, ಆಮ್ಯಾಲ ಕರ್ಣ. ಕರ್ಣನ ಮುಂದ ಬಂದಾಗ ಮನುಷ್ಯ ಪೂರಾ ಕುಸೀತಾನ.

ಇಷ್ಟೆಲ್ಲಾ ಆದ್ರೂ ರನ್ನ ದ್ರೌಪದಿಯನ್ನ ಮರೀಲಿಲ್ಲ. ಆಕಿಯ ಬಿಚ್ಚಿದ ಮುಡಿ, ಭೀಮನ ಪ್ರತಿಜ್ಞೆ ಕಾವ್ಯದ ಮುಂಚೂಣಿಯಾಗೇ ಅವ. ದುರ್ಯೋಧನನ ತೊಡಿ ಮುರಿಯೋದು ತಪ್ಪೋದಿಲ್ಲ. ‘ಹಾರ್ಟ್ ಆಫ್ ಐಸ್’ನಾಗೂ ಹಂಗೇ: ಬ್ಯಾಟ್‌ಮನ್ ಬಾಯ್ಲ್‌ನ ಪಾಪದ ಟೇಪ್ ಪತ್ರಕರ್ತೆ ಕೈಗೆ ಕೊಡ್ತಾನ, ಆದ್ರ ಫ್ರೀಜ್ ಜೈಲಿಗೆ ಹೋಗೋದೇ.

ಈಗಿನ ಸಿನಿಮಾ, ಸೀರೀಸ್ ನೋಡಿದ್ರ ನನಗ ಸಂಕಟ ಆಗೋದು ಇಲ್ಲೇ. ಖಳನಿಗೆ ಒಂದು ಅಳು ಬರೋ ಫ್ಲ್ಯಾಶ್‌ಬ್ಯಾಕ್ ಹಚ್ಚಿದ್ರ ಆಯ್ತು ಅಂತ ತಿಳ್ಕೊಂಡಾರ. ಅದನ್ನ ಕಿತ್ತು ತಗದ್ರೂ ಕಥಿ ಹಂಗೇ ನಡೀತದ. ಫ್ರೀಜ್‌ನ ದುಃಖ ತಗೀರಿ, ಅವನ ದನಿ, ಅವನ ಸೂಟು, ಅವನ ಗುರಿ ಯಾವುದಕ್ಕೂ ಅರ್ಥ ಉಳಿಯಂಗಿಲ್ಲ. ಕಾಮಿಕ್ಸ್‌ನವರು 2012ರಾಗ ಅದನ್ನೇ ಮಾಡಿ ನೋಡಿದ್ರು. ನೋರಾ ಅವನ ಹೆಂಡತಿಯೇ ಅಲ್ಲ, ದಶಕಗಳ ಹಿಂದ ಹೆಪ್ಪುಗಟ್ಟಿಸಿದ ಯಾರೋ ಒಬ್ಬಾಕಿ, ಇವನಿಗೆ ಆಕಿಯ ಹುಚ್ಚು ಅಂತ ಬದಲಿಸಿದ್ರು. ಫ್ರೀಜ್ ಮತ್ತ ಬರೇ ಹುಚ್ಚ ಆದ. ಕೆಲವು ವರ್ಷಕ್ಕ ನೋರಾಳನ್ನ ಹೆಂಡತಿಯಾಗೇ ವಾಪಸ್ ತರಬೇಕಾಯ್ತು.

ಆ ಎಪಿಸೋಡ್ ಅರ್ಧ ತಾಸಿಗಿಂತ ಕಡಿಮಿದು. ನೋಡಿದ ಮ್ಯಾಲ ಪಿಯುಸಿ ಪುಸ್ತಕದ ‘ದುರ್ಯೋಧನ ವಿಲಾಪ’ ಮನ್ಯಾಗ ಇದ್ರ ತಗದು ಓದ್ರಿ. ಹಳಗನ್ನಡ ಕಠಿಣ ಅನಿಸಿದ್ರ ಗದ್ಯಾನುವಾದ ಪಕ್ಕಕ್ಕ ಇಟ್ಕೊಂಡು, ಒಂದು ಸಲ ಜೋರಾಗಿ ಓದ್ರಿ.