ಅರಿವಳಿಕೆಯ ನಿದ್ರೆಯೂ ನಾಡಿಯ ಸಮಸ್ಥಿತಿಯೂ



ಉದರದ ಶಸ್ತ್ರಚಿಕಿತ್ಸೆಗೆ ಒಪ್ಪಿದ ರೋಗಿಯು ವೈದ್ಯರಾದ ನಮ್ಮನ್ನು ಕೇಳುವ ಮೊದಲ ಪ್ರಶ್ನೆ, ‘ಮತ್ತೆ ಎಚ್ಚರವಾಗುವೆನೆ?’ ಎಂಬುದು. ನಾವು ಕೊಡುವ ನಿದ್ರೆಯಲ್ಲಿ ಉಸಿರು, ನಾಡಿ, ರಕ್ತದ ಒತ್ತಡ ಇವು ಹದದಲ್ಲಿರುವುದೇ ಆ ಪ್ರಶ್ನೆಗೆ ಉತ್ತರ.

1846ರಲ್ಲಿ ಬಾಸ್ಟನ್ ನಗರದಲ್ಲಿ ಮಾರ್ಟನ್ನನು ಈಥರನ್ನು ಪ್ರಯೋಗಿಸಿ ತೋರಿಸಿದಂದಿನಿಂದ ಬಹುಕಾಲ ಒಂದೇ ಔಷಧವು ನಿದ್ರೆಯನ್ನೂ ಸ್ನಾಯುಗಳ ಸಡಿಲಿಕೆಯನ್ನೂ ತರಬೇಕಾಗಿದ್ದಿತು. ಹೊಟ್ಟೆಯ ಸ್ನಾಯುಗಳು ಸಡಿಲುವಷ್ಟು ಕೊಟ್ಟರೆ ಉಸಿರೇ ಕುಗ್ಗುತ್ತಿದ್ದಿತು. 1942ರಲ್ಲಿ ಮಾಂಟ್ರಿಯಲ್ಲಿನ ಗ್ರಿಫಿತ್ ಮತ್ತು ಜಾನ್ಸನ್ ಎಂಬ ವೈದ್ಯರು ಸಡಿಲಿಕೆಗಾಗಿ ಕುರಾರೆಯನ್ನು ಬೇರೆಯಾಗಿ ಕೊಟ್ಟರು. ಅಲ್ಲಿಂದ ಈ ಹೊರೆಯು ಹಂಚಿಹೋಯಿತು.

ಇಂದಿಗೂ ಶ್ವಾಸನಾಳಕ್ಕೆ ಕೊಳವೆಯನ್ನಿಳಿಸುವಾಗ ನಾಡಿಯು ಓಡುವುದು. ಲ್ಯಾಪರೊಸ್ಕೋಪಿನ ಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಅನಿಲವನ್ನು ತುಂಬಿದಾಗ ರಕ್ತದ ಒತ್ತಡವು ಸಾಮಾನ್ಯವಾಗಿ ಏರುವುದು. ಡೆಕ್ಸ್‌ಮೆಡೆಟೊಮಿಡೀನ್ ಎಂಬ ಶಮನೌಷಧವು ನರಮಂಡಲದ ಈ ಉದ್ರೇಕವನ್ನು ತಗ್ಗಿಸುವುದು. ಉಳಿದ ಔಷಧಗಳೂ ಕಡಿಮೆ ಸಾಕಾಗುವುವು. ಆದರೆ ಗುಣವಿದ್ದೆಡೆಯಲ್ಲೇ ಅಪಾಯವೂ ಇದೆ. ರಕ್ತ ಕಳೆದುಕೊಂಡವರಿಗೆ, ವೃದ್ಧರಿಗೆ, ಮೊದಲೇ ನಾಡಿ ಮಂದವಾಗಿರುವವರಿಗೆ ಅದೇ ಔಷಧವು ಹೃದಯದ ಬಡಿತವನ್ನೂ ಒತ್ತಡವನ್ನೂ ಮಿತಿಮೀರಿ ಇಳಿಸಬಹುದು. ಆದಕಾರಣ ಮೊದಲ ಪ್ರಮಾಣವನ್ನು ಸುಮಾರು 10 ನಿಮಿಷ ನಿಧಾನವಾಗಿ ಹನಿಸುತ್ತ, ಯಂತ್ರದ ಮೇಲೆ ಕಣ್ಣಿಟ್ಟಿರುತ್ತೇವೆ. ಕೆಲವರಿಗೆ ಅದನ್ನು ಕೊಡದಿರುವುದೇ ಚಿಕಿತ್ಸೆ.

ಇದರಲ್ಲಿ ನಿಮ್ಮ ಪಾಲೂ ಇದೆ. ನಿತ್ಯ ಸೇವಿಸುವ ನಿದ್ದೆಗುಳಿಗೆ, ರಕ್ತದೊತ್ತಡದ ಔಷಧ, ಮದ್ಯದ ಅಭ್ಯಾಸ ಇವುಗಳನ್ನು ಸಂಕೋಚದಿಂದ ಮರೆಮಾಡದಿರಿ. ಮುಚ್ಚಿಟ್ಟ ಒಂದು ಮಾತು ನಮ್ಮ ಲೆಕ್ಕವನ್ನೇ ತಪ್ಪಿಸಬಲ್ಲುದು. ಹೇಳಿದ ಮಾತು ನಿಮ್ಮನ್ನು ಸುಖವಾಗಿ ಎಚ್ಚರಿಸಲು ನೆರವಾಗುವುದು.