ಸುರಂಗದ ಕಾಂಕ್ರೀಟು ಬಲಿಯುವ ಲೆಕ್ಕ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಠಾಣೆಗೂ ಡೊಂಬಿವಲಿ, ಕಲ್ಯಾಣಗಳಿಗೂ ಓಡಾಡುವ ನಮಗೆಲ್ಲ ಪಾರಸಿಕ್ ಸುರಂಗ ಪರಿಚಿತವಾದುದೇ. 1916ರಲ್ಲಿ ತೆರೆದ ಆ ಸುರಂಗದಲ್ಲಿ 2022ರವರೆಗೆ ನಮ್ಮ ವೇಗದ ಲೋಕಲುಗಳೂ ಹಾಯುತ್ತಿದ್ದವು. ಅದೇ ಬೆಟ್ಟದ ಸಾಲಿನಲ್ಲಿ, ನವಿ ಮುಂಬಯಿಯ ಘನ್ಸೋಲಿಯಿಂದ ಶಿಲ್‌ಫಾಟಾದವರೆಗೆ, ಬುಲೆಟ್ ರೈಲಿಗಾಗಿ ಸುಮಾರು 4.9 ಕಿ.ಮೀ. ಸುರಂಗವನ್ನು ತೋಡಿದ್ದಾರೆ. 2025ರ ಸೆಪ್ಟೆಂಬರ್ 20ರಂದು ಎರಡು ಕಡೆಯ ಅಗೆತ ಒಂದುಗೂಡಿತು. ಅಲ್ಲಿ ಬಂಡೆಯನ್ನು ಸಿಡಿಸಿ, ಬಯಲಾದ ಕಲ್ಲಿನ ಮೈಗೆ ಕಾಂಕ್ರೀಟನ್ನು ಸಿಂಪಡಿಸಿ, ಉಕ್ಕಿನ ಬೋಲ್ಟುಗಳನ್ನು ಕೂರಿಸಿ ಮುಂದುವರಿದರು. ಹೀಗೆ ಸಿಂಪಡಿಸುವ ಕಾಂಕ್ರೀಟಿಗೆ ಷಾಟ್‌ಕ್ರೀಟ್ ಎಂದು ಹೆಸರು.

ಮನೆಯ ತಾರಸಿಗೆ ಕಾಂಕ್ರೀಟು ಹಾಕಿದರೆ ಕೆಳಗೆ ಆಸರೆ ಕೊಟ್ಟು, ನೀರುಣಿಸಿ, ದಿನಗಟ್ಟಲೆ ಕಾಯುತ್ತೇವೆ. ನಮ್ಮ ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯೂ ನಿಧಾನವಾಗಿ ಬಲಿತದ್ದೇ. ಸುರಂಗದಲ್ಲಿ ಅಷ್ಟು ಪುರಸೊತ್ತಿಲ್ಲ. ಬೇಗ ಗಟ್ಟಿಗೊಳಿಸುವ ದ್ರಾವಣವನ್ನು ಕೊಳವೆಯ ಬಾಯಲ್ಲೇ ಬೆರೆಸುತ್ತಾರೆ. ಮೆತ್ತಿದ್ದು ನಿಮಿಷಗಳಲ್ಲಿ ಬಿಗಿಯುತ್ತದೆ. ಆದರೆ ಬಿಗಿಯುವುದು ಬೇರೆ, ಬಲಿಯುವುದು ಬೇರೆ. ಅದರ ಕೆಳಗೆ ಮನುಷ್ಯರು ಯಾವಾಗ ಹೋಗಬಹುದು? ಬೇಗ ಹೋದರೆ ತಲೆಯ ಮೇಲೆ ಬಂದೀತು. ತಡಮಾಡಿದರೆ ಕೆಲಸ ನಿಂತು ನಷ್ಟವಾದೀತು.

ಬ್ಯಾಂಕಿನಲ್ಲಿ ನಾವು ಠೇವಣಿಗೆ ಮೆಚ್ಯೂರಿಟಿ ಎನ್ನುತ್ತೇವೆ. ಎಂಜಿನಿಯರರೂ ಕಾಂಕ್ರೀಟಿಗೆ ಅದೇ ಮಾತನ್ನು ಬಳಸುತ್ತಾರೆ. ಠೇವಣಿಯ ಅವಧಿಗೆ ದಿನಗಳನ್ನು ಎಣಿಸಿದರೆ ಸಾಕು. ಕಾಂಕ್ರೀಟಿಗೆ ಕಾಲದ ಜೊತೆಗೆ ಕಾವನ್ನೂ ಎಣಿಸಬೇಕು. 1951ರಲ್ಲಿ ಇಂಗ್ಲೆಂಡಿನ ಸಾಲ್ ಎಂಬವರು ಹೇಳಿದ ಸೂತ್ರ ಬಹು ಸರಳವಾದುದು: ಕಾಂಕ್ರೀಟಿನ ಉಷ್ಣತೆ ಎಷ್ಟು ಸೆಲ್ಸಿಯಸ್ ಡಿಗ್ರಿಯೋ ಅದಕ್ಕೆ 10 ಕೂಡಿಸಿ, ಕಳೆದ ಗಂಟೆಗಳಿಂದ ಗುಣಿಸುವುದು. 30 ಡಿಗ್ರಿಯಲ್ಲಿ 10 ಗಂಟೆ ಕಳೆದರೆ ಮೊತ್ತ 400. 15 ಡಿಗ್ರಿಯಲ್ಲಿ ಅದೇ 400 ಮುಟ್ಟಲು 16 ಗಂಟೆ ಬೇಕು. ಮಿಶ್ರಣ ಒಂದೇ ಆಗಿದ್ದರೆ, ಒಂದೇ ಮೊತ್ತಕ್ಕೆ ಸುಮಾರಾಗಿ ಒಂದೇ ಬಲ.

ಆದರೂ ಅಂದಾಜು ಅಂದಾಜೇ. ದ್ರಾವಣದ ಪ್ರಮಾಣ ಬದಲಾದರೆ, ಸಿಂಪಡಿಸುವವನ ಕೈ ತಪ್ಪಿದರೆ ಲೆಕ್ಕ ಕೆಡುತ್ತದೆ. ದ್ರಾವಣ ಅತಿಯಾದರೆ ಮೊದಲ ದಿನದ ಬಲ ಹೆಚ್ಚಿ, 28ನೆಯ ದಿನದ ಬಲ ಕುಗ್ಗುವ ಭಯವೂ ಉಂಟು. ಆದುದರಿಂದ ಮೊದಮೊದಲು ಸೂಜಿಯನ್ನು ಒತ್ತಿ, ಅನಂತರ ಮೊಳೆ ಹೊಡೆದು, ಕೊನೆಗೆ ತುಂಡು ಕೊರೆದು ತೆಗೆದು ಪರೀಕ್ಷಿಸುತ್ತಾರೆ. ಖಾತೆಯ ಲೆಕ್ಕಕ್ಕೂ ಪೆಟ್ಟಿಗೆಯ ಹಣಕ್ಕೂ ತಾಳೆ ನೋಡಿದಂತೆಯೇ ಇದು.

ಮುಂದೆ ರೈಲು ಗಂಟೆಗೆ 320 ಕಿ.ಮೀ. ವೇಗದಲ್ಲಿ ಓಡಿದರೆ ಈ ಸುರಂಗವನ್ನು ಒಂದು ನಿಮಿಷದೊಳಗೆ ದಾಟೀತು. ಆದರೆ ಅದನ್ನು ತೋಡುವವನು ಹಸಿ ಚಾವಣಿಯ ಕೆಳಗೆ ಗಂಟೆಗಟ್ಟಲೆ ನಿಲ್ಲಬೇಕು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು ನಾವು. ಸುರಂಗದ ಕೂಲಿಕಾರರಲ್ಲಿಯೂ ಹಾಗೆ ಬಂದವರೇ ಬಹಳ. ಗಡಿಯಾರವನ್ನಷ್ಟೇ ನೋಡಿ ಅವರನ್ನು ಒಳಗೆ ಕಳುಹಿಸಬಾರದು, ಅಳೆದು ಕಳುಹಿಸಬೇಕು.