ಫೋನು ಕಸಿದುಕೊಂಡರೆ ಮಗಳು ಉಳಿಯುತ್ತಾಳೆಯೆ?

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ, ಕುಡಿತ, ಗಂಡನ ಹೊಡೆತ ಇವುಗಳ ಬಗ್ಗೆ ಮಾತನಾಡಲು ಸೇರುವ ನಾವು ಇವತ್ತು ಮೊಬೈಲ್ ಫೋನಿನ ವಿಷಯ ಎತ್ತಿಕೊಂಡಿದ್ದೇವೆ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ಈಗ ಆ ದಾರಿಯಲ್ಲೂ ಮನೆಯೊಳಗೆ ಬರುತ್ತಿದೆ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಸೇರಲು ಹದಿಮೂರು ವರ್ಷ ತುಂಬಿರಬೇಕೆಂಬುದು ಆ ಕಂಪನಿಯದೇ ನಿಯಮ. ಆದರೆ ಹತ್ತು ವರ್ಷದ ಮಗುವೂ ಹುಟ್ಟಿದ ಇಸವಿಯನ್ನು ಸುಳ್ಳು ಬರೆದು ಒಳಗೆ ಹೋಗುವುದುಂಟು. ಅಲ್ಲಿ ಗುರುತಿಲ್ಲದ ಗಂಡಸೂ ‘ಗೆಳತಿ’ ಎಂಬ ವೇಷದಲ್ಲಿ ಬರಬಹುದು.

ಇದನ್ನು ತಡೆಯಲು ಆಸ್ಟ್ರೇಲಿಯಾ ದೇಶ 2025ರ ಡಿಸೆಂಬರ್ 10ರಿಂದ ಹದಿನಾರು ವರ್ಷದೊಳಗಿನವರಿಗೆ ಇಂಥ ಜಾಲತಾಣಗಳಲ್ಲಿ ಖಾತೆ ಇರಕೂಡದೆಂದು ಕಾನೂನು ಜಾರಿಗೆ ತಂದಿತು. ತಪ್ಪಿದರೆ ದಂಡ ಕಂಪನಿಗೆ. ಮಗುವಿಗೂ ಇಲ್ಲ, ತಾಯಿಗೂ ಇಲ್ಲ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿದೆ. ಹದಿನೆಂಟರೊಳಗಿನವರ ಮಾಹಿತಿ ಬಳಸಲು ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಮಕ್ಕಳ ಬೆನ್ನುಹತ್ತಿ ಜಾಹೀರಾತು ತೋರಿಸಬಾರದು ಎಂದು ಅದು ಹೇಳುತ್ತದೆ. ಮೀರಿದರೆ 200 ಕೋಟಿ ರೂಪಾಯಿವರೆಗೆ ದಂಡವಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮಕ್ಕಳ ಒಪ್ಪಿಗೆಯ ಭಾಗ ಅನ್ವಯವಾಗಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ.

ಕಾನೂನು ಬೇಕು. ಆದರೆ ಹೆಂಗಸರಾಗಿ ನಾವು ಎರಡು ಪ್ರಶ್ನೆ ಕೇಳಬೇಕು.

ಮೊದಲನೆಯದು, ವಯಸ್ಸಿನ ರುಜುವಾತಿಗೆ ಕೊಟ್ಟ ದಾಖಲೆ ಎಲ್ಲಿ ಹೋಗುತ್ತದೆ? 2025ರ ಅಕ್ಟೋಬರಿನಲ್ಲಿ ಡಿಸ್ಕಾರ್ಡ್ ಎಂಬ ಕಂಪನಿಯೇ ಹೇಳಿದಂತೆ, ಅದರ ಕೆಲಸ ವಹಿಸಿಕೊಂಡಿದ್ದ ಬೇರೊಂದು ಸಂಸ್ಥೆಯಿಂದ ಸುಮಾರು 70,000 ಜನರ ಗುರುತಿನ ಚೀಟಿಯ ಚಿತ್ರಗಳು ಕಳ್ಳರ ಪಾಲಾಗಿರಬಹುದು. ಅವು ವಯಸ್ಸಿನ ವಿಚಾರಣೆಗೆಂದು ಜನ ಕೊಟ್ಟಿದ್ದ ಚಿತ್ರಗಳು. ಆದ್ದರಿಂದ ಯಾರೋ ಕೇಳಿದರೆಂದು ಮಗಳ ಆಧಾರ್ ಕಾರ್ಡಿನ ಫೋಟೋ ಕಳಿಸಬೇಡಿ. ವಯಸ್ಸು ತಿಳಿದರೆ ಸಾಕಾದ ಕಡೆ ಹೆಸರು, ವಿಳಾಸ, ಮುಖ ಯಾಕೆ ಬೇಕು?

ಎರಡನೆಯದು, ಒಪ್ಪಿಗೆ ಯಾರದು? ಕಾಯಿದೆ ತಾಯಿಗೂ ಹಕ್ಕು ಕೊಟ್ಟಿದೆ. ಆದರೆ ಎಷ್ಟೋ ಮನೆಗಳಲ್ಲಿ ಸಿಮ್ಮು ಗಂಡನ ಹೆಸರಿನಲ್ಲಿ, ಫೋನು ಮಗನ ಕೈಯಲ್ಲಿ. ಹೊಡೆಯುವ ತಂದೆಯೇ ಅನುಮತಿ ಕೊಡುವವನಾದರೆ ಆ ಮನೆಯ ಹುಡುಗಿ ಯಾರಲ್ಲಿ ದುಃಖ ತೋಡಿಕೊಳ್ಳಬೇಕು? ಅದಕ್ಕೇ ಪ್ರತಿ ಹುಡುಗಿಗೂ 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಬಾಯಿಪಾಠ ಇರಬೇಕು. ಅದಕ್ಕೆ ಕರೆ ಮಾಡಲು ಯಾರ ಅಪ್ಪಣೆಯೂ ಬೇಡ, ದುಡ್ಡೂ ಬೇಡ.

ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಹುಡುಗಿಯ ಹೆಸರಿಗೆ ಯಾವನೋ ಒಂದು ಕಾಗದ ಬರೆದರೆ ಸಾಕಿತ್ತು, ಅವಳ ಓದು ನಿಲ್ಲುತ್ತಿತ್ತು. ‘ಮರ್ಯಾದೆ ಹೋಗುವ ಮುಂಚೆ’ ಎಂದು ಸಿಕ್ಕಿದ ಗಂಡಿಗೆ, ಕೇಳಿದಷ್ಟು ವರದಕ್ಷಿಣೆ ಕೊಟ್ಟು ಮದುವೆ ಮಾಡುತ್ತಿದ್ದರು. ಇವತ್ತು ಕಾಗದದ ಜಾಗದಲ್ಲಿ ಫೋಟೋ ಬಂದಿದೆ. ‘ದುಡ್ಡು ಕೊಡು, ಇಲ್ಲವೇ ಎಲ್ಲರಿಗೂ ಕಳಿಸುತ್ತೇನೆ’ ಎಂದು ಹೆದರಿಸುವವನಿಗೆ ಧೈರ್ಯ ಬರುವುದು ಎಲ್ಲಿಂದ? ಹುಡುಗಿ ಮನೆಯಲ್ಲಿ ಬಾಯಿ ಬಿಡಲಾರಳು ಎಂಬ ನಂಬಿಕೆಯಿಂದ. ಫೋನು ಕಸಿದು, ಶಾಲೆ ಬಿಡಿಸಿದರೆ ನಾವು ಅವನ ಕೆಲಸವನ್ನೇ ಮುಗಿಸಿಕೊಟ್ಟಂತೆ.

ಮಗಳು ಅಳುತ್ತಾ ಬಂದರೆ ಮೊದಲು ‘ತಪ್ಪು ನಿನ್ನದಲ್ಲ’ ಎನ್ನಿ. ದುಡ್ಡು ಕೊಡಬೇಡಿ. ಬೆದರಿಕೆಯ ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. ಚಿತ್ರವನ್ನು ಯಾರಿಗೂ, ‘ನೋಡಿ ಹೀಗಾಗಿದೆ’ ಎಂದು ತೋರಿಸಲಿಕ್ಕೂ, ಕಳಿಸಬೇಡಿ. ಮಕ್ಕಳ ಅಶ್ಲೀಲ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಅಪರಾಧ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ 2012ರ ಪೋಕ್ಸೊ ಕಾಯಿದೆಯೂ ಇದೆ. ಪೊಲೀಸರಿಗೆ ದೂರು ಕೊಡಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ದೂರು ತಾಣದಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು.

ಗಂಡನ ಮನೆಯಲ್ಲಿ ಪೆಟ್ಟು ತಿಂದವಳ ಜೊತೆ ಠಾಣೆಯವರೆಗೆ ನಡೆದು ಹೋಗುವುದನ್ನು ನಮ್ಮ ಸಂಘಗಳು ಕಲಿತಿವೆ. ಈ ಹುಡುಗಿಯರ ಜೊತೆಗೂ ಹಾಗೆಯೇ ಹೋಗಬೇಕಾಗಿದೆ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹೆಣ್ಣುಮಕ್ಕಳನ್ನೂ ಕರೆದು ಕೂರಿಸಿಕೊಳ್ಳಿ. ಅವರ ಫೋನಿನ ಬಗ್ಗೆ ಅವರೇ ಮಾತಾಡಲಿ, ನಾವು ಕೇಳೋಣ.